ಚನ್ನಬಸಮ್ಮ ಹೂಂಗುಟ್ಟದಿದ್ದರೆ ಪಾಠ ಮುಂದೆ ಹೋಗದು

ಸಿದ್ದಾಪುರಕ್ಕೆ ವಿರಾಜಪೇಟೆಯ ಮೊದಲ ಬಸ್ಸು ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಜನವರಿಯ ಮಂಜು ಅಷ್ಟು ದಪ್ಪ. ಬಸ್ಸಿನ ಸದ್ದು ಕೇಳಿದ್ದೇ ತಡ, ಚನ್ನಬಸಮ್ಮ ಕಾಲೇಜಿನ ಹಳೆಯ ಪ್ರಯೋಗಾಲಯದ ಬೀಗ ತೆಗೆದು ಒಳಗೆ ಹೋಗುತ್ತಾರೆ. ತಲೆಗೆ ಸುತ್ತಿದ ಮಫ್ಲರ್ ಬಿಚ್ಚುವುದಿಲ್ಲ, ಸ್ವೆಟರಿನ ತೋಳು ಮಾತ್ರ ಮೇಲಕ್ಕೆ ಸರಿಸುತ್ತಾರೆ. ಒದ್ದೆ ಬಟ್ಟೆಯಲ್ಲಿ ಬೋರ್ಡು ಒರೆಸುತ್ತಾರೆ. ದನಿ ಗೋಡೆಗೆ ಬಡಿದು ವಾಪಸ್ ಬರಬಾರದೆಂದು ಕಿಟಕಿಗಳಿಗೆ ಕಟ್ಟಿರುವ ಕಾಫಿ ಗೋಣಿಚೀಲಗಳನ್ನು ಎಳೆದು ಸಂದು ಮುಚ್ಚುತ್ತಾರೆ. ಮೂರು ಕಾಲಿನ ಸ್ಟ್ಯಾಂಡಿಗೆ ಮೊಬೈಲು ಸಿಕ್ಕಿಸಿ, ದೀಪ ಹಾಕಿ, ಕೊನೆಗೊಂದು ಕಬ್ಬಿಣದ ಕುರ್ಚಿಯನ್ನು ಮೊಬೈಲಿನ ಹಿಂದಕ್ಕೆ ಎಳೆದು ಕೂರುತ್ತಾರೆ. ಅಲ್ಲಿಗೆ ತಯಾರಿ ಮುಗಿದು ಕೆಲಸ ಶುರುವಾಯಿತು. ಕೂರುವುದೇ ಕೆಲಸ.

ಬಸ್ಸಿಳಿದು ಬಂದ ತೀರ್ಥಪ್ರಸಾದ್ ಕೈ ಉಜ್ಜಿಕೊಳ್ಳುತ್ತಾ ಬೋರ್ಡಿನ ಮುಂದೆ ನಿಲ್ಲುತ್ತಾರೆ. ಬಿ.ಕಾಂ. ಮಕ್ಕಳಿಗೆ ಅವರು ಹೇಳುವುದು ಕಾಸ್ಟ್ ಅಕೌಂಟಿಂಗ್, ಮಕ್ಕಳ ಬಾಯಲ್ಲಿ ಅದು ಕಷ್ಟ ಅಕೌಂಟಿಂಗ್. ಎಂಟು ಗಂಟೆಗೆ ಪಕ್ಕದ ಮಿಲ್ಲಿನಲ್ಲಿ ಕಾಫಿಯ ಸಿಪ್ಪೆ ಬಿಡಿಸುವ ಯಂತ್ರ ಗುಡುಗಲು ಶುರುಮಾಡುತ್ತದೆ. ಆಮೇಲೆ ರೆಕಾರ್ಡಿಂಗ್ ಮಾಡಿದರೆ ಪಾಠವನ್ನು ಯಂತ್ರವೇ ಹೇಳಿದಂತಿರುತ್ತದೆ. ಅಷ್ಟರೊಳಗೆ ಎರಡು ಪಾಠ ಮುಗಿಯಬೇಕು.

"ತೋಟದ ಲೆಕ್ಕ ಬರೆಯೋ ರೈಟರ್‌ಗೆ ತಿಂಗಳ ಸಂಬಳ. ಹಣ್ಣು ಕುಯ್ದರೂ ಅಷ್ಟೇ, ಕುಯ್ಯದಿದ್ದರೂ ಅಷ್ಟೇ. ಇದು ಸ್ಥಿರ ವೆಚ್ಚ."

"ಹ್ಞೂಂ."

"ಪಿಕ್ಕಿಂಗ್‌ಗೆ ಬರುವವರಿಗೆ ಕಿಲೋ ಲೆಕ್ಕ. ಹೆಚ್ಚು ಕುಯ್ದರೆ ಹೆಚ್ಚು. ಇದು ಬದಲಾಗುವ ವೆಚ್ಚ."

"ಹ್ಞೂಂ."

"ಇವೆರಡರ ಗುಣವೂ ಇರುವುದನ್ನು ಅರೆ ಬದಲಾಗುವ ವೆಚ್ಚ ಅಂತೀವಿ. ಸರಿ, ಮುಂದೆ..."

ಮುಂದೆ ಏನೂ ಇಲ್ಲ. ಕುರ್ಚಿಯ ಕಡೆಯಿಂದ ಸದ್ದಿಲ್ಲ. ತೀರ್ಥಪ್ರಸಾದ್ ಸೀಮೆಸುಣ್ಣ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಒಂದು ಗಳಿಗೆ ಸೂರು ನೋಡುತ್ತಾರೆ. ಆಮೇಲೆ, "ಈಗ ನಮ್ಮ ಪಕ್ಕದ ಮಿಲ್ಲನ್ನೇ ತಗೊಳ್ಳಿ. ಒಂದು ಚೀಲ ಕಾಫಿ ಬರದಿದ್ದರೂ ಕರೆಂಟ್ ಬಿಲ್ಲಿನಲ್ಲಿ ಒಂದಿಷ್ಟು ಕಟ್ಟಲೇಬೇಕು. ಯಂತ್ರ ಓಡಿದರೆ ಅದರ ಮೇಲಿಂದ ಮತ್ತಷ್ಟು" ಎನ್ನುತ್ತಾರೆ.

"ಹ್ಞೂಂ... ಹ್ಞೂಂ," ಎನ್ನುತ್ತದೆ ಕುರ್ಚಿ. ಪಾಠ ಮುಂದೆ ಹೋಗುತ್ತದೆ.

ಅಟೆಂಡರ್ ಎಂದರೆ ಅಟೆಂಡ್ ಮಾಡುವವರು ಎಂದೇ ಅರ್ಥ ಹಿಡಿದರೆ ಈ ಕಾಲೇಜಿನಲ್ಲಿ ಆ ಹೆಸರಿಗೆ ಪೂರ್ತಿ ತಕ್ಕವರು ಚನ್ನಬಸಮ್ಮ ಒಬ್ಬರೇ. ಕಾಮರ್ಸಿನ ಪಾಠಕ್ಕೂ ಅವರೇ ಹಾಜರು, ರಾಜ್ಯಶಾಸ್ತ್ರಕ್ಕೂ ಅವರೇ. ಕಾರಣ ಸರಳ. ಡಿಸೆಂಬರಿನಿಂದ ಫೆಬ್ರವರಿವರೆಗೆ ಸುತ್ತಲ ತೋಟಗಳಲ್ಲಿ ಕಾಫಿ ಕುಯ್ಲು. ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವ ಮಕ್ಕಳು ಅಪ್ಪ ಅಮ್ಮನ ಜೊತೆ ಚೀಲ ಹಿಡಿದು ಗಿಡದ ಬುಡಕ್ಕೆ ಹೋಗುತ್ತಾರೆ. ತರಗತಿಯಲ್ಲಿ ಬೆಂಚುಗಳಷ್ಟೇ ಉಳಿಯುತ್ತವೆ. ಸಂಜೆ ಪಾಠ ಇಡೋಣವೆಂದರೆ ದಾರಿಯಲ್ಲಿ ಆನೆ. ಹಾಗಾಗಿ ಎರಡು ವರ್ಷದಿಂದ ಪಾಠವೇ ಮಕ್ಕಳ ಬಳಿ ಹೋಗುತ್ತಿದೆ. ಬೆಳಿಗ್ಗೆ ರೆಕಾರ್ಡ್ ಆದದ್ದು ಮಧ್ಯಾಹ್ನದೊಳಗೆ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಟವರ್ ಸಿಗುವ ಕಾಫಿ ಕಣದ ಮೂಲೆಯಲ್ಲಿ ನಿಂತು ಒಬ್ಬರು ಇಳಿಸಿಕೊಂಡರೆ ಲೈನಿನ ಉಳಿದವರಿಗೆ ಫೋನಿನಿಂದ ಫೋನಿಗೆ ದಾಟುತ್ತದೆ.

ಮೊದಲ ದಿನ ತೀರ್ಥಪ್ರಸಾದ್ ಬೆವರಿದ್ದರು, ಆ ಚಳಿಯಲ್ಲೂ. ಭಾಗಮಂಡಲದ ಕಡೆಯ ಅರೆಭಾಷೆ ಗೌಡರು ಅವರು. ಅರವತ್ತು ಮಕ್ಕಳ ಗದ್ದಲದಲ್ಲಿ ಗಂಟಲು ಏರಿಸಿ ಪಾಠ ಮಾಡಿದ ಮನುಷ್ಯ, ಮೊಬೈಲಿನ ಹೆಬ್ಬೆರಳ ಗಾತ್ರದ ಕಣ್ಣಿನ ಮುಂದೆ ಮೂಕರಾದರು. "ನಮಸ್ಕಾರ ವಿದ್ಯಾರ್ಥಿಗಳೇ" ಎನ್ನುವುದು, ನಿಲ್ಲಿಸುವುದು. ಮತ್ತೆ ನಮಸ್ಕಾರ, ಮತ್ತೆ ನಿಲುಗಡೆ. ಪಾಠಕ್ಕಿಂತ ನಮಸ್ಕಾರವೇ ಜಾಸ್ತಿಯಾಯಿತು.

"ಎಂಥ ಮಾಡ್ದು," ಎಂದು ತಮಗೆ ತಾವೇ ಅರೆಭಾಷೆಯಲ್ಲಿ ಗೊಣಗಿಕೊಂಡು, ಮೂಲೆಯಲ್ಲಿ ಕಸ ಗುಡಿಸುತ್ತಿದ್ದವರನ್ನು ಕರೆದರು. "ಅಕ್ಕಾ, ಸುಮ್ನೆ ಇಲ್ಲಿ ಕೂತ್ಕೊಳ್ಳಿ. ಒಂದು ಮುಖ ಬೇಕು ನಂಗೆ."

ಅಕ್ಕ ಪೊರಕೆ ಒರಗಿಸಿ ಕೂತರು. ಮುಖ ಕೊಟ್ಟರು. ಜೊತೆಗೆ ಕೇಳದೇ ಇದ್ದದ್ದನ್ನೂ ಕೊಟ್ಟರು. ಎರಡನೇ ವಾಕ್ಯ ಮುಗಿಯುವಾಗ "ಹ್ಞೂಂ" ಎಂದರು.

"ಅಕ್ಕಾ, ಶಬ್ದ ಮಾಡ್ಬೇಡಿ. ರೆಕಾರ್ಡ್ ಆಗುತ್ತೆ."

"ನೀವು ಹೇಳ್ತಾ ಇದೀರಿ, ನಾನು ಕೇಳ್ತಾ ಇದೀನಿ ಅಂತ ನಿಮ್ಗೆ ಗೊತ್ತಾಗ್ಬೇಡ್ವಾ ಸಾರ್?"

"ನಂಗೆ ಕಾಣುತ್ತಲ್ಲ ಅಕ್ಕಾ."

"ಸರಿ ಸಾರ್."

ಮತ್ತೆ ಶುರು. ಮತ್ತೆ ಎರಡನೇ ವಾಕ್ಯಕ್ಕೆ "ಹ್ಞೂಂ". ಅಷ್ಟರಲ್ಲಿ ಮಿಲ್ಲಿನವರು ಯಂತ್ರ ತಿರುಗಿಸುವ ಹೊತ್ತು ಹತ್ತಿರ ಬಂತು. ಬೇರೆ ದಾರಿಯಿಲ್ಲದೆ ಹ್ಞೂಂ ಸಮೇತ ಪಾಠ ಮುಗಿಸಿ ಕಳಿಸಿದರು. ಮಕ್ಕಳು ನಗುತ್ತಾರೆಂದು ಹೆದರಿದ್ದರು. ನಕ್ಕರು ಕೂಡ. ಆದರೆ ಕೊನೆವರೆಗೆ ನೋಡಿದರು, ಮರುದಿನದ ಪಾಠ ಯಾವಾಗ ಎಂದು ಕೇಳಿದರು.

ಹೂಂಗುಟ್ಟುವುದನ್ನು ನಿಲ್ಲಿಸಲು ಚನ್ನಬಸಮ್ಮನಿಗೆ ಆಗದ್ದಕ್ಕೆ ಕಾರಣ ಅವರ ತಂದೆ. ಕೊಡ್ಲಿಪೇಟೆ ಕಡೆಯವರು. ಬೆಲ್ಲ, ಒಣಮೆಣಸಿನಕಾಯಿ ಹೇರಿಕೊಂಡು ಎತ್ತಿನ ಗಾಡಿಯಲ್ಲಿ ಸಂತೆಯಿಂದ ಸಂತೆಗೆ ಹೋಗುತ್ತಿದ್ದ ಸಣ್ಣ ವ್ಯಾಪಾರಿ. ಕೋಳಿ ಕೂಗುವ ಮೊದಲೇ ಗಾಡಿ ಹೊರಡಬೇಕು. ಹಗ್ಗ ಹಿಡಿದವರಿಗೆ ನಿದ್ದೆ ಹತ್ತಿದರೆ ಎತ್ತು ಮನೆ ದಾರಿ ಹಿಡಿಯುತ್ತದೆ. ಅದಕ್ಕೆ ಅಪ್ಪ ಕಥೆ ಹೇಳುವುದು, ಪಕ್ಕದಲ್ಲಿ ಮಗಳು ಹೂಂಗುಟ್ಟುವುದು. ಹ್ಞೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು.

"ಕೇಳೋರು ಹ್ಞೂಂ ಅನ್ನದಿದ್ರೆ ಕಥೆಯೊಳಗಿನ ಜನ ದಾರಿ ತಪ್ಪುತಾರೆ ಅಂತಿತ್ತು ನಮ್ಮಪ್ಪ. ರಾಜಕುಮಾರ ಕಾಡೊಳಗೆ ನಿಂತ್ಕೊಂಡಿರ್ತಾನೆ, ನಾನು ತೂಕಡಿಸಿದ್ರೆ ಅವ್ನು ಅಲ್ಲೇ ಉಳೀತಾನೆ ಅಂತ ಭಯ ನಂಗೆ. ಈಗ್ಲೂ ಅಷ್ಟೇ. ಸಾರ್ ಬಾಯಿ ತೆಗೆದ್ರೆ ನನ್ನ ಗಂಟ್ಲು ತಾನಾಗೇ ಹೊರಡ್ತದೆ," ಎನ್ನುತ್ತಾರೆ ಅವರು.

ಶಾಲೆ ಏಳನೇ ತರಗತಿಗೆ ನಿಂತಿತು. ಮದುವೆಯಾಗಿ ಸಿದ್ದಾಪುರಕ್ಕೆ ಬಂದರು. ಗಂಡ ಕರಿಬಸಪ್ಪ ಕಾಫಿ, ಮೆಣಸು ಕೊಳ್ಳುವ ಅಂಗಡಿಯೊಂದರಲ್ಲಿ ತಕ್ಕಡಿ ನೋಡುವವರು, ಊರಿನ ಪಾಲಿಗೆ ತೂಕದ ಮನುಷ್ಯ. ಕಿಟಕಿಯ ಗೋಣಿಚೀಲಗಳು ಅವರ ಕೊಡುಗೆ. ಹೆಂಡತಿಯ ಹೊಸ ಕೆಲಸದ ಬಗ್ಗೆ ಅವರ ಅಭಿಪ್ರಾಯವೂ ತೂಕದ್ದೇ: "ಮೂವತ್ತು ವರ್ಷದಿಂದ ನಾನು ಹೇಳಿದ್ದಕ್ಕೆ ಒಂದು ಹ್ಞೂಂ ಅಂದಿಲ್ಲ ಇವ್ಳು. ಕಾಲೇಜಲ್ಲಿ ಗಂಟೆಗಟ್ಲೆ ಅಂತಾಳಂತೆ."

"ನೀವು ಹೇಳೋದು ನಂಗೆ ಮೊದ್ಲೇ ಗೊತ್ತಿರ್ತದಲ್ಲ," ಎನ್ನುತ್ತಾರೆ ಚನ್ನಬಸಮ್ಮ, ಚಹಾ ಸೋಸುತ್ತಾ.

ದಿನದ ಕೆಲಸ ರೆಕಾರ್ಡಿಂಗ್‌ಗೆ ಮುಗಿಯುವುದಿಲ್ಲ. ಎಂಟರ ನಂತರ ತರಗತಿ ಗುಡಿಸಬೇಕು, ನೀರು ತುಂಬಬೇಕು, ಬೆಲ್ ಹೊಡೆಯಬೇಕು, ಕಚೇರಿಯ ಕಾಗದ ಹಿಡಿದು ಮೇಲೆ ಕೆಳಗೆ ಓಡಾಡಬೇಕು. ಹುದ್ದೆ ತಾತ್ಕಾಲಿಕ. ವರ್ಷ ವರ್ಷ ಮುಂದುವರಿಯುತ್ತಾ ಹೋಗುವ ತಾತ್ಕಾಲಿಕ. ಕುರ್ಚಿಯಲ್ಲಿ ಕೂರುವುದು ಯಾವ ಆದೇಶದಲ್ಲೂ ಇಲ್ಲ.

ಒಬ್ಬೊಬ್ಬ ಮೇಷ್ಟರಿಗೆ ಒಂದೊಂದು ಹ್ಞೂಂ ಇದೆ ಅವರ ಬಳಿ. ತೀರ್ಥಪ್ರಸಾದರಿಗೆ ನಿಧಾನದ್ದು. ರಾಜ್ಯಶಾಸ್ತ್ರದ ಬೋಜಮ್ಮ ಮೇಡಂಗೆ ಚುರುಕಿನದು. ಬೋಜಮ್ಮ ಮೇಡಂ ಕ್ಯಾಮೆರಾದ ಜೊತೆ ಮಾತನಾಡುವುದು ತಮ್ಮ ತೋಟದ ನಾಯಿಯ ಜೊತೆ ಮಾತನಾಡುವ ಧಾಟಿಯಲ್ಲಿ: "ಇಲ್ಲಿ ನೋಡು. ಒಕ್ಕೂಟ ವ್ಯವಸ್ಥೆ ಅಂದ್ರೆ ಏನು? ಆ ಕಡೆ ನೋಡ್ಬೇಡ." ಅಲ್ಲಿ ಹ್ಞೂಂ ತಡವಾದರೆ ತಮಗೇ ಬೈಗುಳ ಬೀಳುತ್ತದೆಂದು ಚನ್ನಬಸಮ್ಮ ಪ್ರಶ್ನೆಗೂ ಹ್ಞೂಂ, ಉತ್ತರಕ್ಕೂ ಹ್ಞೂಂ. ಅವರು ಬೋಜಮ್ಮ ಮೇಡಂ ಮಾತನಾಡಿದಂತೆ ಮಾತನಾಡಿ ತೋರಿಸಿದರೆ ಸ್ಟಾಫ್ ರೂಮಿನಲ್ಲಿ ನಗದವರಿಲ್ಲ. ಸ್ವತಃ ಬೋಜಮ್ಮ ಮೇಡಂ ಕೂಡ ಬಾಗಿಲ ಮರೆಯಲ್ಲಿ ನಿಂತು ಒಮ್ಮೆ ಕೇಳಿಸಿಕೊಂಡು, "ನಾನು ಹಾಗೆ ಮಾತಾಡೋದಾ? ಒಳ್ಳೇದೇ ಉಂಟಲ್ಲ," ಎಂದು ಹೋಗಿದ್ದಾರೆ.

ಎಲ್ಲ ಪಾಠ ಕೇಳಿದ ಮೇಲೆ ಏನು ಕಲಿತಿರಿ ಎಂದರೆ ಅವರು ಸಂಕೋಚಪಡುವುದಿಲ್ಲ. "ಏನೂ ಇಲ್ಲ ಕಣ್ರೀ. ಇವತ್ತು ಕೇಳಿದ್ದು ನಾಳೆಗೆ ನೆನಪಿರಲ್ಲ. ಲೆಕ್ಕ ಮಾಡಿ ಅಂದ್ರೆ ಬರಲ್ಲ. ಅರ್ಥ ಆಗದೇ ಇದ್ರೆ ಆಗಿದೆ ಅಂತ ಮುಖ ಮಾಡೋಕೂ ಬರಲ್ಲ, ಅಷ್ಟೇ." ಮತ್ತೊಂದು ಮಾತನ್ನೂ ಸೇರಿಸುತ್ತಾರೆ. "ಆದ್ರೆ ಒಂದು. ನಾನು ಸುಮ್ನಾದ್ರೆ ಸಾರ್ ಇನ್ನೊಂದ್ಸಲ ಹೇಳ್ತಾರೆ. ನಂಗೋಸ್ಕರ ಯಾರಾದ್ರೂ ಒಂದು ವಿಷಯನ ಎರಡು ಸಲ ಹೇಳಿದ್ದು ಅಂದ್ರೆ ಈ ಕುರ್ಚೀಲಿ ಕೂತ ಮೇಲೇನೆ. ಅದಕ್ಕೆ ಮುಂಚೆ ಯಾರೂ ಹೇಳಿರ್ಲಿಲ್ಲ."

ಈ ಕುಯ್ಲಿನ ಶುರುವಿನಲ್ಲೇ ಆ ಕುರ್ಚಿ ಕೈತಪ್ಪುವ ಹಾಗಾಯಿತು.

ಕಾಲೇಜಿಗೆ ದರ್ಜೆ ಕೊಡಲು ಹೊರಗಿನ ಒಂದು ತಂಡ ಬರುತ್ತದೆಂಬ ಸುದ್ದಿ ಬಂತು. ತಂತ್ರಜ್ಞಾನ ಬಳಸಿ ಏನೇನು ಮಾಡಿದ್ದೀರಿ ಎಂದು ಅವರು ಕೇಳುತ್ತಾರೆ. ಪ್ರಾಂಶುಪಾಲೆ ಸುಧಾ ಮೇಡಂ ಕಚೇರಿಯಲ್ಲಿ ಕೂತು ವಿಡಿಯೊ ಪಾಠಗಳನ್ನು ಮೊದಲ ಬಾರಿಗೆ ಪೂರ್ತಿ ನೋಡಿದರು. ಐದು ನಿಮಿಷಕ್ಕೆ ಕನ್ನಡಕ ತೆಗೆದರು.

"ಲೋಹಿತ್, ಇದೇನಿದು? ಹಿಂದೆ ಯಾರೋ ನರಳ್ತಾ ಇದಾರೆ."

ಲೋಹಿತ್ ಕಾಲೇಜಿನ ಕಂಪ್ಯೂಟರ್ ಆಪರೇಟರ್, ಪಾಠಗಳ ಆರಂಭಕ್ಕೆ ಹೆಸರು ಹಚ್ಚಿ, ಕೊನೆಗೆ ಸಂಗೀತ ಅಂಟಿಸುವವರು. "ನರಳೋದಲ್ಲ ಮೇಡಂ, ಚನ್ನಬಸಮ್ಮ ಹೂಂಗುಟ್ಟೋದು."

"ತಂಡದವರ ಮುಂದೆ ಇದನ್ನ ಹಾಕೋಕಾಗುತ್ತಾ? ಕಾಲೇಜಾ, ಹರಿಕಥೆಯಾ? ತೆಗೆದುಹಾಕಿ. ಇನ್ಮೇಲೆ ಒಳಗೆ ಯಾರೂ ಕೂರೋದು ಬೇಡ."

ಸುಧಾ ಮೇಡಂ ಕೆಟ್ಟವರಲ್ಲ. ದರ್ಜೆ ಇಳಿದರೆ ಅನುದಾನಕ್ಕೂ ಪೆಟ್ಟು, ಮಕ್ಕಳ ಸಂಖ್ಯೆಗೂ ಪೆಟ್ಟು ಎಂಬ ಚಿಂತೆ ಅವರದು. ಲೋಹಿತ್ ಹಳೆಯ ಪಾಠಗಳಿಂದ ಹ್ಞೂಂಗಳನ್ನು ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ಎಸೆದರು. ಚನ್ನಬಸಮ್ಮನಿಗೆ ಬಾಗಿಲಾಚೆ ನಿಂತು ಯಾರೂ ಒಳಗೆ ನುಗ್ಗದಂತೆ ನೋಡುವ ಕೆಲಸ ಬಂತು. ಆರೂವರೆ ಗಂಟೆಗೆ ಆ ಕಾಲೇಜಿಗೆ ನುಗ್ಗುವವರು ಯಾರೆಂದು ಯಾರೂ ಕೇಳಲಿಲ್ಲ. ಚನ್ನಬಸಮ್ಮ ಎಂದಿನಂತೆ ಬೀಗ ತೆಗೆದರು, ಬೋರ್ಡು ಒರೆಸಿದರು, ಕುರ್ಚಿಯನ್ನು ಗೋಡೆಗೆ ಸರಿಸಿ ಆಚೆ ಹೋಗಿ ಮಂಜಿನಲ್ಲಿ ನಿಂತರು.

"ಬಾಗಿಲ ಸಂದಿಯಿಂದ ಸಾರ್ ದನಿ ಕೇಳ್ತಿತ್ತು. ಓಡ್ತಾ ಇದ್ರು ಪಾಪ. ಆನೆ ಅಟ್ಟಿಸ್ಕೊಂಡು ಬಂದ ಹಾಗೆ," ಎಂದು ನೆನೆಯುತ್ತಾರೆ ಅವರು. ತೀರ್ಥಪ್ರಸಾದ್ ಅಲ್ಲಗಳೆಯುವುದಿಲ್ಲ. ಮುಕ್ಕಾಲು ಗಂಟೆಯ ಪಾಠ ಅರ್ಧ ಗಂಟೆಗೇ ಮುಗಿದುಹೋಗುತ್ತಿತ್ತಂತೆ. "ತಡೆಯೋರಿಲ್ಲ ನೋಡಿ. ಇಳಿಜಾರಲ್ಲಿ ಬ್ರೇಕ್ ಇಲ್ಲದ ಜೀಪು."

ಮನೆಯಲ್ಲಿ ಆ ದಿನಗಳಲ್ಲಿ ಚನ್ನಬಸಮ್ಮ ಹೆಚ್ಚು ಮಾತನಾಡಲಿಲ್ಲ. ಕರಿಬಸಪ್ಪ ಕುಟುಕಲೂ ಇಲ್ಲ. ಬದಲಿಗೆ ಅಂಗಡಿಯಲ್ಲಿ ನಡೆದದ್ದನ್ನು ದಿನಾ ಕೂತು ಹೇಳತೊಡಗಿದರು, ಯಾರ ಕಾಫಿಯಲ್ಲಿ ತೇವ ಹೆಚ್ಚು, ಯಾರು ತಕ್ಕಡಿಯ ಮೇಲೆ ಅನುಮಾನಪಟ್ಟರು. ಹೆಂಡತಿಯ ಗಂಟಲಿಗೆ ಒಂದು ಕೆಲಸ ಇರಲೆಂದು. ಚನ್ನಬಸಮ್ಮ ಕೇಳಿಸಿಕೊಂಡರು. ಆದರೆ ಹ್ಞೂಂ ಬರಲಿಲ್ಲ. "ಸುಮ್ನೆ ಹೇಳ್ತಾ ಇದಾರೆ ಅಂತ ಗೊತ್ತಾಗ್ತಿತ್ತು," ಎನ್ನುತ್ತಾರೆ.

ಎರಡು ವಾರ ಕಳೆದ ಒಂದು ಭಾನುವಾರ. ತಂಡದ ಸಿದ್ಧತೆಗೆಂದು ರಜೆಯಲ್ಲೂ ಕಾಲೇಜು ತೆರೆದಿತ್ತು. ಸಂತೆಗೆ ಬಂದ ರಂಜಿತಾ ಗೇಟಿನ ಬಳಿ ಬಂದು ನಿಂತಳು. ಅಂತಿಮ ಬಿ.ಕಾಂ. ಹುಡುಗಿ. ಅರಕಲಗೂಡು ಕಡೆಯಿಂದ ತೋಟದ ಕೆಲಸಕ್ಕೆ ಬಂದು ಲೈನಿನಲ್ಲೇ ನೆಲೆ ನಿಂತ ಕುಟುಂಬ. ಕುಯ್ಲಿನ ಕಲೆ ಇನ್ನೂ ಹೋಗದ ಕೈಯಲ್ಲೊಂದು ಪೊಟ್ಟಣ. ಗೇಟಿನಲ್ಲಿ ಬ್ಯಾನರ್ ಕಟ್ಟಿಸುತ್ತಿದ್ದ ಸುಧಾ ಮೇಡಂಗೆ ನಮಸ್ಕಾರ ಹೇಳಿ, ಚನ್ನಬಸಮ್ಮನ ಹತ್ತಿರ ಹೋದಳು.

"ಅಮ್ಮಾ, ಈಗ ಹೇಗಿದೀರಾ? ಹುಷಾರಾದ್ರಾ?"

"ನಂಗೇನಾಗಿತ್ತೇ?"

"ಮತ್ತೆ ಪಾಠದಲ್ಲಿ ನಿಮ್ಮ ದನೀನೇ ಇಲ್ಲ. ನಮ್ಮ ಲೈನಲ್ಲೆಲ್ಲ ನಿಮ್ಗೆ ಜೋರು ಕಾಯಿಲೆ ಅಂತ ಮಾತು. ಅಮ್ಮ ಕಷಾಯದ ಪುಡಿ ಕಳ್ಸಿದಾಳೆ. ಒಳ್ಳೆಮೆಣಸು ಜಾಸ್ತಿ ಹಾಕಿದಾಳೆ, ಗಂಟ್ಲಿಗೆ ಒಳ್ಳೇದು."

ಚನ್ನಬಸಮ್ಮ ಪೊಟ್ಟಣ ಹಿಡಿದು ನಿಂತರು. ಮೇಡಂ ಎದುರಿಗೇ ಇದ್ದಾರೆ, ಏನೆಂದು ಹೇಳುವುದು? ಸುಧಾ ಮೇಡಂ ತಾವೇ ಹತ್ತಿರ ಬಂದರು.

"ಪಾಠ ಈಗ ಸ್ಪಷ್ಟವಾಗಿ ಕೇಳ್ಸುತ್ತಲ್ಲಮ್ಮ? ಅಡ್ಡ ಸದ್ದು ತೆಗೆಸಿದೀನಿ."

"ಕೇಳ್ಸುತ್ತೆ ಮೇಡಂ. ಆದ್ರೆ ಎಲ್ಲಿ ನಿಲ್ಬೇಕು ಅಂತ ಗೊತ್ತಾಗಲ್ಲ."

"ಅಂದ್ರೆ?"

"ಹಣ್ಣು ಕುಯ್ತಾ ಒಂದು ಕಿವೀಲಿ ಹಾಕ್ಕೊಂಡು ಕೇಳೋದು ಮೇಡಂ. ಕೈಗೆ ಅಂಟು, ಫೋನ್ ಮುಟ್ಟೋಕಾಗಲ್ಲ. ಅಮ್ಮ ಹ್ಞೂಂ ಅಂತಿದ್ರೆ ಸಲೀಸು, ಹಾಗೇ ಕೇಳ್ತಾ ಹೋಗ್ತೀವಿ. ಅಮ್ಮ ಸುಮ್ನಾದ್ರೆ ಅಲ್ಲಿ ಕಷ್ಟ ಇದೆ ಅಂತ. ಸಂಜೆ ಕೈ ತೊಳ್ದು ಅಷ್ಟನ್ನೇ ಮತ್ತೆ ನೋಡ್ತೀವಿ, ಎಲ್ರೂ ಒಟ್ಟಿಗೆ. ಈಗ ಎಲ್ಲಾ ಒಂದೇ ಸಮ ಹೋಗುತ್ತೆ. ನಮ್ಗೆ ಅರ್ಥ ಆಗದಿದ್ರೆ ನಾವೇ ದಡ್ಡರು ಅನ್ಸುತ್ತೆ." ಇಷ್ಟು ಹೇಳಿ ಹುಡುಗಿ ಹೆದರಿದಳು. "ತಪ್ಪಾಯ್ತಾ ಮೇಡಂ?"

ಅರ್ಧ ಕಟ್ಟಿದ ಬ್ಯಾನರ್ ಗಾಳಿಗೆ ಪಟಪಟ ಬಡಿಯುತ್ತಿತ್ತು. ಮೇಡಂ ಚನ್ನಬಸಮ್ಮನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಒಳಗೆ ಕೂತ್ಕೊಳ್ಳಿ," ಎಂದರು. "ತಂಡಕ್ಕೆ ಬೇರೆ ಮಾಡಿಸ್ತೀನಿ."

ಅಂದಿನಿಂದ ಲೋಹಿತ್ ಒಂದೇ ಪಾಠವನ್ನು ಎರಡು ಥರ ತಯಾರಿಸುತ್ತಾರೆ, ಹ್ಞೂಂ ಇರುವುದು ಮಕ್ಕಳಿಗೆ, ಇಲ್ಲದ್ದು ತಂಡಕ್ಕೆ. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ಚಿಕೋರಿ ಹಾಕಿದ್ದು, ಹಾಕದ್ದು," ಎನ್ನುತ್ತಾರೆ ಲೋಹಿತ್. ಕಾಫಿಪುಡಿಗೆ ಬೆರೆಸುವ ಆ ಚಿಕೋರಿ ಇಲ್ಲಿ ಯಾವುದು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. "ಮೊದಲು ಹ್ಞೂಂ ಅನ್ನೋದೇ ಚಿಕೋರಿ ಅಂದ್ಕೊಂಡಿದ್ದೆ. ಈಗ ನಾನು ಅಂಟಿಸೋ ಸಂಗೀತಾನೇನೋ ಅಂತ ಅನುಮಾನ."

ಎರಡನೇ ಪಾಠ ಮುಗಿಯುವ ಹೊತ್ತಿಗೆ ಗೋಣಿಚೀಲದ ನೆಯ್ಗೆಯಿಂದ ಬಿಸಿಲು ಸಣ್ಣಗೆ ಒಳಗೆ ಸೋರುತ್ತಿದೆ. ತೀರ್ಥಪ್ರಸಾದ್ ಕೈಯ ಸುಣ್ಣ ಕೊಡವಿ ಸ್ಟಾಫ್ ರೂಮಿಗೆ ಹೋಗಿದ್ದಾರೆ. ಚನ್ನಬಸಮ್ಮ ದೀಪ ಆರಿಸಿ ಮೊಬೈಲು ಬಿಚ್ಚುತ್ತಾರೆ. ಕುರ್ಚಿ ಸಿಕ್ಕಿದೆ, ಆದರೆ ಬಾಯಿಮಾತಿನಲ್ಲಿ. ಕುಯ್ಲು ಮುಗಿದರೆ ಕುರ್ಚಿಯ ಕೆಲಸವೂ ಮುಗಿಯಿತು. ಮುಂದಿನ ಡಿಸೆಂಬರಿಗೆ ಹುದ್ದೆ ಮುಂದುವರಿದಿರುತ್ತದೋ, ಮತ್ತೊಬ್ಬ ಪ್ರಾಂಶುಪಾಲರು ಬಂದಿರುತ್ತಾರೋ ಯಾರು ಹೇಳಬೇಕು? ತಂಡ ಬರುವುದು ಮುಂದಿನ ತಿಂಗಳು. ಅವರೆದುರು ಒಂದು ಪಾಠವನ್ನು ರೆಕಾರ್ಡ್ ಮಾಡಿಯೇ ತೋರಿಸಬೇಕಂತೆ. ಆವತ್ತು ಕುರ್ಚಿಯಲ್ಲಿ ಕೂರಬಹುದು, ಆದರೆ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಮೇಡಂ ಒಪ್ಪಿಸಿದ ಕರಾರು.

ಬೇಸರವಿದೆಯೇ ಎಂದರೆ ಅವರು ಇಲ್ಲವೆಂದು ತಲೆಯಾಡಿಸುತ್ತಾರೆ.

"ಇರ್ತೀನಿ ಬಾಯಿ ಮುಚ್ಕೊಂಡು. ಅದೇನು ಕಷ್ಟ ಅಲ್ಲ. ಅವ್ರು ನೋಡೋಕೆ ಬರೋರು, ನೋಡ್ಕೊಂಡು ಹೋಗ್ತಾರೆ. ಹ್ಞೂಂ ಬೇಕಾಗಿರೋದು ಕೇಳೋ ಮಕ್ಕಳಿಗೆ."